ಬೊಂಬೆಯ ಹೊಕ್ಕುಳು

ಆಯ್ಕೆಯಾದವರು ಬಾಗಿಲು ತೆರೆಯುವ ದಿನದವರೆಗೆ ಮೈಯ ಒಂದು ಹೆಸರನ್ನೂ ಕಲಿಯತಕ್ಕದ್ದಲ್ಲ.

ನಿಯಮ ಇಷ್ಟೇ. ವೈದ್ಯಶಾಲೆಯ ಬಾಗಿಲ ಮೇಲಿನ ಕಲ್ಲಿನಲ್ಲಿ ಅದನ್ನು ಕೆತ್ತಿದ್ದರು. ಅಕ್ಷರಗಳು ಆಳವಾಗಿದ್ದವು, ಓದಲು ಯಾರೂ ಕಣ್ಣು ಕಿರಿದು ಮಾಡಬೇಕಾಗಿರಲಿಲ್ಲ. ಊರಿನಲ್ಲಿ ಇದನ್ನು ತಿಳಿಯದವರು ಇರಲಿಲ್ಲ. ಊರಿನಲ್ಲಿ ಇದನ್ನು ಮುರಿಯದವರೂ ಇರಲಿಲ್ಲ.

ಮುರಿದವರಲ್ಲಿ ಕೆಟ್ಟವರು ಯಾರೂ ಇರಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. ಅವರೆಲ್ಲ ಶ್ರದ್ಧೆಯುಳ್ಳವರು. ಶ್ರದ್ಧೆಯಿಂದಲೇ ಮುರಿದರು.

ಬೇವು ಹೂ ಬಿಟ್ಟಾಗ ವೈದ್ಯ ಕಲಿಯುವವರ ಆಯ್ಕೆ ನಡೆಯುತ್ತಿತ್ತು. ಗಾಳಿ ದಿಕ್ಕು ಬದಲಿಸಿದಾಗ ಬಾಗಿಲು ತೆರೆಯುತ್ತಿತ್ತು. ಎರಡರ ನಡುವೆ ಇದ್ದದ್ದು ನಡುವಿನ ಕಾಲ. ಆ ಕಾಲದಲ್ಲಿ ಪ್ರತಿದಿನ ಬೆಳಿಗ್ಗೆ ಆಯ್ಕೆಯಾದವರು ಮುಚ್ಚಿದ ಬಾಗಿಲ ಮುಂದೆ ಸಾಲಾಗಿ ನಿಂತು ಎರಡೂ ಅಂಗೈಗಳನ್ನು ಮೇಲಕ್ಕೆ ಮಾಡಿ ಹಿಡಿಯುತ್ತಿದ್ದರು. ಬಾಗಿಲ ಹಿರಿಯ ಮೆಟ್ಟಿಲ ಮೇಲೆ ನಿಂತು ಕೇಳುತ್ತಿದ್ದ:

"ಏನು ತಂದಿದ್ದೀರಿ?"

"ಏನೂ ತಂದಿಲ್ಲ."

"ಹಾಗೆಯೇ ಬನ್ನಿ."

ಇಷ್ಟು ಮುಗಿಯಿತೆಂದರೆ ಅವರು ಕೈ ಇಳಿಸಿ, ಮೈ ಮುರಿದು, ನೇರವಾಗಿ ಎಣ್ಣೆ ಗಾಣದ ಹಿಂದಿನ ಕೊಟ್ಟಿಗೆಗೆ ಹೋಗುತ್ತಿದ್ದರು. ಅಲ್ಲಿ ಹೆಸರುಗಾರ ಕಾಯುತ್ತಿದ್ದ.

ಹೆಸರುಗಾರ ನಗುಮುಖದವನು. ಅವನ ಬಳಿ ಆಳೆತ್ತರದ ಒಂದು ಬಟ್ಟೆಬೊಂಬೆಯಿತ್ತು. ಗೋಣಿಯಲ್ಲಿ ಹೊಲಿದು, ಹತ್ತಿ ತುಂಬಿ, ಹಲಗೆಯೊಂದರ ಮೇಲೆ ಅಂಗಾತ ಮಲಗಿಸಿದ್ದ ಬೊಂಬೆ. ಅವನು ಕೋಲಿನಿಂದ ಬೊಂಬೆಯ ಒಂದು ಜಾಗವನ್ನು ಮುಟ್ಟಿ ಹೆಸರು ಹೇಳುತ್ತಿದ್ದ. ಆಯ್ಕೆಯಾದವರು ಒಕ್ಕೊರಲಿನಿಂದ ಅದನ್ನು ತಿರುಗಿಸಿ ಹೇಳುತ್ತಿದ್ದರು. ಆ ಜಾಗದಲ್ಲಿ ಬರುವ ರೋಗದ ಹೆಸರು ಹೇಳುತ್ತಿದ್ದ. ಅದನ್ನೂ ತಿರುಗಿಸಿ ಹೇಳುತ್ತಿದ್ದರು. ಕೋಲು ತಾಗಿ ತಾಗಿ ಬೊಂಬೆಯ ಹೊಟ್ಟೆ ನುಣುಪಾಗಿತ್ತು. ಪಾಠದ ಸದ್ದು ಊರಿನ ಆಚೆ ಕೊನೆಯವರೆಗೂ ಕೇಳುತ್ತಿತ್ತು. ಆಗ ಬೀದಿಯಲ್ಲಿ ಕೂತವರು ಒಬ್ಬರಿಗೊಬ್ಬರು ಹೇಳುತ್ತಿದ್ದರು:

"ಗಾಣ ಇವತ್ತು ಜೋರಾಗಿ ತಿರುಗ್ತಿದೆ."

"ಹೌದು. ಎಣ್ಣೆ ಈ ಸಲ ಚೆನ್ನಾಗಿ ಬರಬಹುದು."

ಗಾಣಕ್ಕೆ ಎತ್ತು ಕಟ್ಟದೆ ಒಂದು ತಲೆಮಾರು ಕಳೆದಿತ್ತು.

ಬೊಂಬೆಯನ್ನು ಹೊಲಿದ ದರ್ಜಿ ಅವಸರದ ಮನುಷ್ಯನಿರಬೇಕು. ಹೊಕ್ಕುಳನ್ನು ಒಂದು ಗೇಣು ಮೇಲೆ ಹೊಲಿದಿದ್ದ. ತಪ್ಪು ಬೊಂಬೆಯದೆಂದು ಯಾರಿಗೂ ಹೊಳೆಯಲಿಲ್ಲ. ತಂತಮ್ಮ ಹೊಕ್ಕುಳು ಕೆಳಗೆ ಜಾರಿದೆ ಎಂದು ಊರಿನ ಜನ ಒಳಗೊಳಗೇ ನಾಚಿಕೊಂಡರು. ಪಂಚೆ ಸೀರೆಗಳನ್ನು ಒಂದು ಗೇಣು ಮೇಲಕ್ಕೆ ಕಟ್ಟತೊಡಗಿದರು. ಹಾಗೆ ಕಟ್ಟುವುದೇ ಮರ್ಯಾದಸ್ಥರ ಲಕ್ಷಣವಾಯಿತು.

ಆ ಸಲ ಆಯ್ಕೆಯಾದವರಲ್ಲಿ ಕಲಾಯಿಯವರ ಬೀದಿಯ ಒಬ್ಬ ಹುಡುಗಿಯಿದ್ದಳು. ತಾಯಿ ತಂದೆ ಇರಲಿಲ್ಲ, ಸಾಕಿದವನು ಸೋದರಮಾವ. ಊರಿನ ತಾಮ್ರ ಹಿತ್ತಾಳೆಯ ಪಾತ್ರೆಗಳ ಒಳಗೆ ತವರ ಬಳಿದು ಕಲಾಯಿ ಹಾಕುವುದು ಅವನ ಕಸುಬು. ಆ ಬೀದಿಯಿಂದ ವೈದ್ಯಶಾಲೆಗೆ ಅದುವರೆಗೆ ಒಬ್ಬರೂ ಹೋಗಿರಲಿಲ್ಲ. ಆದ್ದರಿಂದ ಹುಡುಗಿ ಆಯ್ಕೆಯಾದ ದಿನದಿಂದ ಬೀದಿಯ ಪ್ರತಿ ಮನೆಯಲ್ಲೂ ಮಾಡಿದ ಅಡುಗೆಯ ಮೊದಲ ತುತ್ತು ಅವಳಿಗೆ ಬರುತ್ತಿತ್ತು. ಒಮ್ಮೆ ಆಯ್ಕೆಯಾದವರನ್ನು ಮತ್ತೊಮ್ಮೆ ಆಯ್ಕೆ ಮಾಡುವ ಪದ್ಧತಿ ಇರಲಿಲ್ಲ. ಒಳಗೆ ಹೋದರೆ ಹೋದಂತೆ, ತಪ್ಪಿದರೆ ತಪ್ಪಿದಂತೆ.

"ಗಾಣದ ಹಿಂದೆ ಹೋಗ್ಲಿಲ್ವೇನೆ?" ಎಂದು ಮಾವ ಕೇಳಿದ. ಇಕ್ಕಳದ ತುದಿಯಲ್ಲಿ ಕಾದ ಪಾತ್ರೆಯಿತ್ತು.

"ಇಲ್ಲ ಮಾವ."

"ನಾಳೆ ಹೋಗ್ತೀಯ."

"ನಾಳೇನೂ ಹೋಗಲ್ಲ."

ಮಾವ ಪಾತ್ರೆಯನ್ನು ಕೆಳಗಿಟ್ಟ. ಕಾದ ಪಾತ್ರೆಯನ್ನು ಕೆಲಸದ ನಡುವೆ ಕೆಳಗಿಡುವ ಮನುಷ್ಯ ಅವನಲ್ಲ.

"ಯಾಕೆ? ಆ ಕಲ್ಲಲ್ಲಿ ಬರೆದಿದೆ ಅಂತಾನಾ? ಕಲ್ಲು ಎದ್ದು ಬಂದು ಕಚ್ಚಲ್ಲ ಕಣೆ."

"ಹೆದರಿಕೆ ಅಲ್ಲ ಮಾವ. ಅದನ್ನ ಯಾತಕ್ಕೆ ಬರೆದ್ರು ಅಂತ ಗೊತ್ತಾಗ್ಬೇಕು."

"ಯಾರನ್ನಾದ್ರೂ ಕೇಳು."

"ಎಲ್ಲರನ್ನೂ ಕೇಳಿದೆ. ಯಾರೂ ಪಾಲಿಸೇ ಇಲ್ಲ, ಯಾರಿಗೆ ಗೊತ್ತಿರತ್ತೆ? ಯಾರೂ ತಿನ್ನದ ಹಣ್ಣಿನ ರುಚಿ ಯಾರನ್ನ ಕೇಳ್ಲಿ?"

"ಅದಕ್ಕೆ ನೀನು ತಿಂದು ನೋಡ್ತೀಯಾ?"

"ಒಬ್ಬರಾದ್ರೂ ತಿನ್ಬೇಕಲ್ಲ."

ಮಾವನಿಗೆ ಸಿಟ್ಟು ಬಂತು. ಸಿಟ್ಟು ಬಂದಾಗ ಅವನು ತನ್ನ ಕಸುಬಿನ ಭಾಷೆಯಲ್ಲೇ ಮಾತಾಡುತ್ತಿದ್ದ. "ನೋಡು, ಪಾತ್ರೆ ಮೊದಲು ಕಾಯಬೇಕು. ತಣ್ಣಗಿರೋ ಪಾತ್ರೆಗೆ ತವರ ಹಿಡಿಯಲ್ಲ. ಉಳಿದವರೆಲ್ಲ ಕಾದು ಕೂತಿರ್ತಾರೆ, ನೀನೊಬ್ಬಳು ತಣ್ಣಗೆ ಹೋಗಿ ಕೂರ್ತೀಯ."

"ಹಳೇ ಕಲಾಯಿ ಇರೋ ಪಾತ್ರೆ ಬಂದ್ರೆ ನೀನೇನು ಮಾಡ್ತೀಯ ಮಾವ?"

"ಉಜ್ಜಿ ತೆಗೀತೀನಿ."

"ಸುಲಭನಾ?"

"ಹೊಸ ಪಾತ್ರೆಗಿಂತ ಕಷ್ಟ. ಕೈ ಕಿತ್ಹೋಗತ್ತೆ." ಹಾಗೆಂದವನು ಅವಳ ಮುಖ ನೋಡಿದ. ಆಮೇಲೆ, "ಬಾಯೊಂದು ಆಗಲೇ ವೈದ್ಯ ಕಲಿತು ಬಂದ್ಹಾಗಿದೆ. ಮಿಕ್ಕಿದ್ದೆಲ್ಲ ಇಲ್ಲೇ ಕೂತಿದೆ," ಎಂದು ಗೊಣಗಿ ಪಾತ್ರೆಯನ್ನು ಮತ್ತೆ ಬೆಂಕಿಗೆ ಇಟ್ಟ.

ನಿಯಮವನ್ನು ಪಾಲಿಸುವುದು ಸುಲಭವೆಂದು ಹುಡುಗಿ ಎಣಿಸಿದ್ದಳು. ಸುಮ್ಮನಿದ್ದರೆ ಸಾಕಲ್ಲ ಎಂದುಕೊಂಡಿದ್ದಳು. ಹಾಗಿರಲಿಲ್ಲ. ಆ ಊರಿನಲ್ಲಿ ಹೆಸರುಗಳು ಸೊಳ್ಳೆಗಳಂತೆ ಹಾರಾಡುತ್ತಿದ್ದವು. ಕುಂಟಾಬಿಲ್ಲೆ ಆಡುವ ಮಕ್ಕಳು ಒಂದೊಂದು ಮನೆಗೆ ಒಂದೊಂದು ಎಲುಬಿನ ಹೆಸರು ಕೂಗಿ ಕುಪ್ಪಳಿಸುತ್ತಿದ್ದರು. ಅಂಗಡಿಯವನು ಬೆಲ್ಲ ಕಟ್ಟಿಕೊಡುತ್ತ ಪಿತ್ತದ ಬಗ್ಗೆ ಹೇಳುತ್ತಿದ್ದ. ಹುಡುಗಿ ಬೀದಿ ಬದಲಿಸಿ ನಡೆದಳು. ಬೀದಿ ಬದಲಾದರೆ ಎಲುಬು ಬದಲಾಗುತ್ತಿತ್ತು, ಅಷ್ಟೇ. ಕೊನೆಗೆ ಒಂದು ಹಿತ್ತಾಳೆಯ ತಟ್ಟೆಯನ್ನೂ ಸೌಟನ್ನೂ ಕೈಯಲ್ಲೇ ಇಟ್ಟುಕೊಂಡಳು. ಯಾರಾದರೂ ರೋಗದ ಮಾತು ತೆಗೆದರೆ ತಟ್ಟೆ ಬಾರಿಸುತ್ತಿದ್ದಳು. ಮಾವನ ಗಿರಾಕಿಗಳು ಕಿವಿ ಮುಚ್ಚಿಕೊಂಡು ಪಾತ್ರೆ ಕೊಟ್ಟು ಹೋಗುತ್ತಿದ್ದರು.

ಒಂದು ಮಧ್ಯಾಹ್ನ ಪಾತ್ರೆ ಕೊಡಲು ಬಂದ ಇಬ್ಬರು ಹೆಂಗಸರು ಮಾತಿಗೆ ನಿಂತರು. ಇಬ್ಬರೂ ಆ ಸಲದ ಮೊದಲ ಮೈಯವರು. ಇದನ್ನೂ ಹೇಳಬೇಕು: ಬಾಗಿಲು ತೆರೆದ ದಿನ ಆಯ್ಕೆಯಾದ ಪ್ರತಿಯೊಬ್ಬರ ಮುಂದೆ ಊರಿನ ಒಬ್ಬ ಕಾಯಿಲೆಯವರನ್ನು ಮಲಗಿಸುತ್ತಿದ್ದರು. ಅವರೇ ಮೊದಲ ಮೈ. ಹೊಸಬರು ಮೊಟ್ಟಮೊದಲು ಮುಟ್ಟುವ ಮೈ. ಊರಿನಲ್ಲಿ ಅದಕ್ಕಿಂತ ದೊಡ್ಡ ಗೌರವ ಇರಲಿಲ್ಲ. ಗೌರವಕ್ಕೆ ಕುಂದು ಬರಬಾರದೆಂದು ಅವರೂ ಮಧ್ಯಾಹ್ನದ ಹೊತ್ತು ಹಿಂದಿನ ದಾರಿಯಿಂದ ಹೆಸರುಗಾರನ ಬಳಿಗೆ ಹೋಗಿ ಕಲಿಯುತ್ತಿದ್ದರು. ಪಾಪ, ಮಕ್ಕಳು ಅಷ್ಟು ಓದಿಕೊಂಡು ಬಂದಿರುತ್ತಾರೆ. ಓದಿದ ರೋಗ ನಮ್ಮಲ್ಲಿ ಇಲ್ಲದೆ ಹೋದರೆ ಅವರಿಗೆ ಅವಮಾನವಲ್ಲವೇ?

"ನಿಂಗೆ ಯಾವುದು ಕೊಟ್ರೇ?" ಎಂದಳು ಒಬ್ಬಳು.

"ಗುಲ್ಮ ಕೊಟ್ರು ಕಣಕ್ಕ, ಹೊಟ್ಟೆ ಗಂಟು. ಹೇಳೋಕೆ ಕಷ್ಟ, ಆದ್ರೆ ಚೆನ್ನಾಗಿದೆ."

"ಪುಣ್ಯವಂತೆ. ನಂಗೆ ಬರೀ ಅಜೀರ್ಣ. ನಾನು ಹೋಗೋ ಹೊತ್ತಿಗೆ ಒಳ್ಳೊಳ್ಳೇವೆಲ್ಲ ಮುಗಿದುಹೋಗಿದ್ವು."

"ನಿಂಗೆ ನಿಜವಾಗ್ಲೂ ಇರೋದು ಏನಕ್ಕ?" ಎಂದಳು ಗುಲ್ಮದವಳು.

"ನಿಜವಾಗ್ಲೂ ಅಂದ್ರೆ?" ಎಂದು ಆ ಹೆಂಗಸು ಕೇಳಿದಳು. ಅವಳಿಗೆ ಪ್ರಶ್ನೆ ಅರ್ಥವಾಗಲಿಲ್ಲ.

ಹುಡುಗಿ ತಟ್ಟೆ ಬಾರಿಸುವುದನ್ನು ಮರೆತು ನಿಂತಿದ್ದಳು. ಗುಲ್ಮ, ಅಜೀರ್ಣ ಎರಡೂ ಕಿವಿಗೆ ಬಿದ್ದುಹೋಗಿದ್ದವು. ಆ ರಾತ್ರಿ ಊಟವಾದ ಮೇಲೆ ಅವಳಿಗೆ ಹೊಟ್ಟೆ ಭಾರವೆನಿಸಿತು. ಇದು ಅಜೀರ್ಣವಿರಬಹುದೇ ಎನಿಸಿತು. ಹಾಗೆನಿಸಿದ ಕೂಡಲೇ ಹೊಟ್ಟೆ ಇನ್ನೂ ಸ್ವಲ್ಪ ಭಾರವಾಯಿತು. ಇದೇನು ವಿಚಿತ್ರ ಎಂದು ಅವಳು ಬಹಳ ಹೊತ್ತು ಯೋಚಿಸುತ್ತ ಮಲಗಿದ್ದಳು.

ಮರುದಿನ ಬೆಳಿಗ್ಗೆ "ಹಾಗೆಯೇ ಬನ್ನಿ" ಮುಗಿದು ಉಳಿದವರು ಗಾಣದ ಕಡೆ ಹೊರಟ ಮೇಲೆ ಅವಳೊಬ್ಬಳು ನಿಂತಳು.

"ಅಯ್ಯಾ, ಈ ನಿಯಮ ಯಾತಕ್ಕೆ?"

"ಪಾಲಿಸೋದಕ್ಕೆ," ಎಂದ ಬಾಗಿಲ ಹಿರಿಯ.

"ಯಾರು ಪಾಲಿಸಿದಾರೆ?"

ಹಿರಿಯ ಶಾಲು ಸರಿಮಾಡಿಕೊಂಡ. ಅವನು ನೇರವಾದ ಮನುಷ್ಯ. ಕೇಳಿದ್ದಕ್ಕೆ ಉತ್ತರ ಕೊಡದೆ ಇರುವುದು ಅವನಿಗೆ ಒಗ್ಗುತ್ತಿರಲಿಲ್ಲ. "ನೋಡು ಮಗು. ಬಾಗಿಲು ತೆರೆದ ದಿನ ಜಾಗಟೆ ಎರಡು ಸಲ ಬಾರಿಸ್ತೀನಿ. ಮೊದಲನೇದಕ್ಕೆ ನೀವು ಕೂರಬೇಕು. ಎರಡನೇದರೊಳಗೆ ಮುಂದೆ ಮಲಗಿದವರ ರೋಗದ ಹೆಸರು ಹೇಳಬೇಕು. ಹೇಳಿದವರು ಒಳಬಾಗಿಲಿಂದ ಒಳಗೆ. ಹೇಳದವರು ಬಂದ ದಾರಿ ಹಿಡೀಬೇಕು."

"ಹೆಸರು ಕಲೀಬಾರ್ದು ಅನ್ನೋದು ನಿಯಮ. ಹೆಸರು ಹೇಳಿದ್ರೇ ಒಳಗೆ ಅನ್ನೋದು ಪದ್ಧತಿ. ಎರಡೂ ಒಂದೇ ಬಾಗಿಲಲ್ಲಿ ಹೇಗೆ ಹಿಡಿಯತ್ವೆ ಅಯ್ಯಾ?"

"ಇಷ್ಟು ಕಾಲ ಹಿಡಿದಿವೆ."

"ಮೊಟ್ಟಮೊದಲು ಕೂಡ ಹೆಸರನ್ನೇ ಕೇಳ್ತಿದ್ರಾ? ಅಥವಾ ಬೇರೆ ಏನಾದ್ರೂ ಕೇಳ್ತಿದ್ರಾ?"

ಹಿರಿಯ ಕಲ್ಲಿನ ಅಕ್ಷರಗಳ ಕಡೆ ನೋಡಿದ. ದಿನವೂ ಅದರ ಕೆಳಗೆ ನಿಲ್ಲುವವನು ತಲೆಯೆತ್ತಿ ನೋಡಿ ಬಹಳ ಕಾಲವಾಗಿತ್ತು. "ಗೊತ್ತಿಲ್ಲ. ನನ್ನನ್ನ ಹೆಸರು ಕೇಳಿದ್ರು. ಹೇಳಿದೆ."

"ನಿಮಗೆ ಹೇಗೆ ಗೊತ್ತಿತ್ತು?"

"ಗಾಣ ಆಗಲೂ ತಿರುಗ್ತಿತ್ತು," ಎಂದ ಹಿರಿಯ. ಅವಳ ಕಡೆ ತಿರುಗಿ, "ಹೆಸರು ಬೇಡ ಅಂತೀಯಾ ನೀನು? ಹೆಸರಿಲ್ಲದೆ ಒಬ್ಬ ವೈದ್ಯ ಇನ್ನೊಬ್ಬನಿಗೆ ಏನಂತ ಹೇಳ್ತಾನೆ? ಮದ್ದು ಅರೆಯೋನಿಗೆ ಏನಂತ ಹೇಳ್ತಾನೆ?" ಎಂದು ಕೇಳಿದ.

"ಬೇಕು ಅಯ್ಯಾ, ರಾಶಿ ಬೇಕು. ಒಳಗೆ ಹೋದಮೇಲೆ ಹಗಲೂ ರಾತ್ರಿ ಕಲೀತೀನಿ. ಈಗ ಮಾತ್ರ ಬೇಡ ಅಂತ ಯಾಕೆ ಬರೆದ್ರು, ಅದೊಂದು ತಿಳೀಬೇಕು ನಂಗೆ."

"ತಿಳಿಯೋ ಹೊತ್ತಿಗೆ ಬಾಗಿಲ ಹೊರಗಡೆ ಇರ್ತೀಯ."

"ಇರಬಹುದು," ಎಂದಳು ಹುಡುಗಿ. ಆದರೆ ಅದನ್ನು ಹೇಳುವಾಗ ಅವಳ ಕಣ್ಣು ಮುಚ್ಚಿದ ಬಾಗಿಲ ಮೇಲಿತ್ತು. ಒಳಬಾಗಿಲ ಆಚೆ ಏನಿದೆ ಎಂದು ಚಿಕ್ಕಂದಿನಿಂದ ಅವಳಷ್ಟು ಯೋಚಿಸಿದವರು ಆ ಊರಿನಲ್ಲಿ ಇರಲಿಲ್ಲ.

ಹಿಂತಿರುಗುವಾಗ ಜವಳಿ ಅಂಗಡಿಯ ಹುಡುಗ ಸಿಕ್ಕ. ಅವನೂ ಆಯ್ಕೆಯಾದವನು. ಬೆಳಗಿನ ಸಾಲಿನಲ್ಲಿ ಅವಳ ಪಕ್ಕ ನಿಲ್ಲುತ್ತಿದ್ದ.

"ಇನ್ನೂ ಖಾಲಿನಾ? ಅಯ್ಯೋ ಪಾಪ," ಎಂದ. "ಬಾ ಇಲ್ಲಿ, ಒಂದೇ ಒಂದು ಹೆಸರು ಹೇಳ್ತೀನಿ. ಯಾವ ನೋವಿಗಾದ್ರೂ ಹೊಂದತ್ತೆ. ಯಾರಿಗೂ ಹೇಳಲ್ಲ ನಾನು."

"ಯಾವ ನೋವಿಗಾದ್ರೂ ಹೊಂದೋದಾದ್ರೆ ಅದು ನೋವಿನ ಹೆಸರು ಹೇಗಾಗತ್ತೆ?"

"ಹೀಗೇ ಪ್ರಶ್ನೆ ಕೇಳ್ತಾ ಕೂತ್ಕೋ ನೀನು. ನಾನು ವೈದ್ಯ ಆದಮೇಲೆ ನಿನ್ನ ತಲೆನೋವಿಗೆ ಮದ್ದು ಕೊಡೋಕೆ ನಾನೇ ಬರ್ತೀನಿ."

"ಬರೋವಾಗ ತಲೆ ಎಲ್ಲಿರತ್ತೆ ಅಂತ ಬೊಂಬೆ ನೋಡ್ಕೊಂಡು ಬಾ."

ಅವನು ನಕ್ಕ. ಕೆಟ್ಟ ಹುಡುಗನಲ್ಲ. ಹೋಗುವಾಗ ಒಮ್ಮೆ ತಿರುಗಿ ನೋಡಿ, "ನಿಜವಾಗ್ಲೂ ಬೇಡ್ವೇನೇ?" ಎಂದು ಕೂಡ ಕೇಳಿದ. ಅವಳು ತಟ್ಟೆ ಬಾರಿಸಿದಳು.

ಗಾಳಿ ದಿಕ್ಕು ಬದಲಿಸಿತು. ಬಾಗಿಲು ತೆರೆಯಿತು.

ಒಳಗೆ ಉದ್ದನೆಯ ಪಡಸಾಲೆ. ಸಾಲಾಗಿ ಚಾಪೆಗಳು. ಚಾಪೆಗಳ ಮೇಲೆ ಮೊದಲ ಮೈಯವರು ಕೈಗಳನ್ನು ಮೈಗೆ ತಾಗಿಸಿ, ಕಾಲು ನೀಟಾಗಿ ಚಾಚಿ, ಬೊಂಬೆಯ ಹಾಗೆ ಅಂಗಾತ ಮಲಗಿದ್ದರು. ಎಲ್ಲರ ಬಟ್ಟೆಯೂ ಒಂದು ಗೇಣು ಮೇಲೆ. ಪಡಸಾಲೆಯ ಕೊನೆಯಲ್ಲಿ ಒಳಬಾಗಿಲು. ಅದು ಅರೆ ತೆರೆದಿತ್ತು. ಆಚೆ ಒಂದು ಓಣಿ ಕಾಣುತ್ತಿತ್ತು, ಓಣಿಯುದ್ದಕ್ಕೂ ದೀಪಗಳು, ಗೋಡೆಗಳಲ್ಲಿ ಗೂಡುಗಳು, ಗೂಡುಗಳಲ್ಲಿ ಏನೇನೋ. ಹುಡುಗಿ ಅದನ್ನು ಒಮ್ಮೆ ನೋಡಿದಳು. ಮತ್ತೆ ನೋಡಿದರೆ ಕಣ್ಣು ಕೀಳಲಾಗುವುದಿಲ್ಲವೆಂದು ತನ್ನ ಚಾಪೆಯ ಕಡೆ ತಿರುಗಿದಳು.

ಮೊದಲ ಜಾಗಟೆ ಮೊಳಗಿತು. ಪಡಸಾಲೆ ತುಂಬ ಮಾತು ಎದ್ದಿತು. ಹೊಸಬರು ಅರ್ಧ ಹೇಳಿದರೆ ಮಲಗಿದವರು ಉಳಿದರ್ಧ ಹೇಳುತ್ತಿದ್ದರು.

"ಊಟದ ನಂತರ ಹೊಟ್ಟೆಯ ಬಲಭಾಗದಲ್ಲಿ..."

"...ಉರಿ."

"ನಾಲಿಗೆ..."

"...ಬೆಳ್ಳಗೆ, ಬೆಳ್ಳಗೆ."

ಜವಳಿ ಅಂಗಡಿಯ ಹುಡುಗ ಒಂದು ಕಡೆ ತಡವರಿಸಿದ. ಮಲಗಿದ್ದ ಮುದುಕ ಕಣ್ಣು ಮುಚ್ಚಿಕೊಂಡೇ ಪಿಸುಗುಟ್ಟಿದ: "ಅದಲ್ಲ ಮರಿ, ಅದರ ಮುಂದಿನದು." ಹುಡುಗ ಮುಂದಿನದನ್ನು ಹೇಳಿದ. ಮುದುಕ ತೃಪ್ತಿಯಿಂದ ನರಳಿದ.

ಹುಡುಗಿಯ ಚಾಪೆಯ ಮೇಲೆ ಮಲಗಿದ್ದವಳು ಬೀಸುವ ಹೆಂಗಸು. ಊರಿನ ಅರ್ಧ ಮನೆಗಳ ರಾಗಿ ಅವಳ ಕಲ್ಲಿನಲ್ಲಿ ಹಿಟ್ಟಾಗುತ್ತಿತ್ತು. ಅವಳೂ ಕಷ್ಟಪಟ್ಟು ಕಲಿತು ಬಂದಿದ್ದಳು.

"ನಂದು ಪಾರ್ಶ್ವಶೂಲ ಮಗಳೇ," ಎಂದಳು ಕೂತ ಕೂಡಲೇ. "ಎಡ ಪಕ್ಕೆ. ಚುಚ್ಚಿದ ಹಾಗೆ. ಕೆಮ್ಮಿದರೆ ಹೆಚ್ಚು. ಹೇಳು ಈಗ."

ಹುಡುಗಿ ಅವಳ ಎಡ ಪಕ್ಕೆಯ ಮೇಲೆ ಅಂಗೈ ಇಟ್ಟಳು. ಅಲ್ಲಿ ಮೈ ತಣ್ಣಗೆ, ಮೆತ್ತಗೆ ಇತ್ತು. ಮೆಲ್ಲಗೆ ಒತ್ತಿದಳು.

"ಇಲ್ಲಿ ನೋವಾಗತ್ತಾ ಅಮ್ಮಾ?"

"ಆಗಬೇಕು."

"ಆಗಬೇಕು ಅಲ್ಲ. ಆಗತ್ತಾ?"

ಹೆಂಗಸು ಸೂರು ನೋಡಿದಳು. ಇಂಥ ಪ್ರಶ್ನೆಗೆ ಅವಳು ತಯಾರಾಗಿ ಬಂದಿರಲಿಲ್ಲ. "ಇಲ್ಲ," ಎಂದಳು ಕಡೆಗೆ, ಕದ್ದು ಸಿಕ್ಕಿಬಿದ್ದವಳ ಹಾಗೆ.

"ಮತ್ತೆ ಎಲ್ಲಿ ಆಗತ್ತೆ?"

"ಅದನ್ನ ಹೆಸರುಗಾರ ಕೇಳ್ಲಿಲ್ವಲ್ಲ. ಎಲ್ಲೋ ಹಿಂದುಗಡೆ. ಹಿಂದುಗಡೆದಕ್ಕೆ ಹೆಸರಿಲ್ಲ ಅಂದ. ಹೆಸರಿಲ್ಲದ್ದು ಇರಲ್ಲ, ಪಕ್ಕೇದೇ ಇರಬೇಕು ಅಂದ."

"ಸ್ವಲ್ಪ ಮಗ್ಗುಲಾಗ್ತೀರಾ?"

ಹೆಂಗಸು ಮಗ್ಗುಲಾದಳು. ಪಡಸಾಲೆಯಲ್ಲಿ ಮಾತು ಒಂದು ಕ್ಷಣ ನಿಂತಿತು. ಮೊದಲ ಮೈ ತಿರುಗಿ ಮಲಗಿದ್ದನ್ನು ಯಾರೂ ಕಂಡಿರಲಿಲ್ಲ. ಬೊಂಬೆಯನ್ನು ಹಲಗೆಗೆ ಮೊಳೆ ಹೊಡೆದು ಮಲಗಿಸಿದ್ದರು. ಅದಕ್ಕೆ ಬೆನ್ನಿದೆಯೋ ಇಲ್ಲವೋ ಹೆಸರುಗಾರನಿಗೂ ಗೊತ್ತಿರಲಿಲ್ಲ. ಆಮೇಲೆ ಮಾತು ಮತ್ತೆ ಶುರುವಾಯಿತು, ಮೊದಲಿಗಿಂತ ಜೋರಾಗಿ.

ಹುಡುಗಿ ಬೆನ್ನಿನ ಉದ್ದಕ್ಕೂ ಕೈಯಾಡಿಸಿದಳು. ಏನೂ ಸಿಗಲಿಲ್ಲ. "ಈಗ ಇದೆಯಾ ನೋವು?"

"ಮಲಗಿದ್ರೆ ಬರಲ್ಲ. ಬೀಸೋವಾಗ ಬರತ್ತೆ. ಮೊದಲು ಬಂದು ಹೋಗ್ತಿತ್ತು. ಈಗೀಗ ಬಂದ್ರೆ ಉಸಿರೇ ಸಿಕ್ಕಿಹಾಕ್ಕೊಳ್ಳತ್ತೆ. ಮೊನ್ನೆ ಕಲ್ಲಿನ ಮೇಲೇ ಬಿದ್ದೆ. ನನ್ನ ಮಗಳು ನಾನು ಹೋಗೇಬಿಟ್ಟೆ ಅಂದ್ಕೊಂಡ್ಳು." ಹೆಂಗಸು ತಲೆ ತಿರುಗಿಸಿ ಹಿರಿಯನ ಕಡೆ ನೋಡಿದಳು. ಅವನ ಕೈ ಜಾಗಟೆಯ ಕೋಲಿನ ಹತ್ತಿರ ಬಂದಿತ್ತು. "ಅದಿರಲಿ ಬಿಡೇ. ಹೆಸರು ನಿನ್ನ ಬಾಯಿಗೇ ಇಟ್ಟಿದೀನಲ್ಲ. ಒಂದು ಮಾತು. ಹೇಳಿಬಿಟ್ಟು ಒಳಗೆ ಹೋಗು. ನನ್ನ ನೋವು ಎಲ್ಲಿಗೂ ಹೋಗಲ್ಲ."

ಹಿರಿಯ ಸಾಲಿನ ನಡುವೆ ನಡೆದುಬಂದು ಅವಳ ಬಳಿ ನಿಂತ.

"ನೀನೊಬ್ಬಳೇ ಉಳಿದಿರೋದು. ಹೇಳು ಮಗು."

"ಅಯ್ಯಾ, ಇವರ ಜೊತೆ ಬೀಸೋ ಮನೆಗೆ ಹೋಗಿ ಬರ್ತೀನಿ. ನೋವು ಅಲ್ಲಿದೆ. ಅಲ್ಲೀವರೆಗೆ ಬಾಗಿಲು ತೆಗೆದಿಡ್ತೀರಾ?"

"ಜಾಗಟೆ ಕಾಯಲ್ಲ." ಹಿರಿಯ ದನಿ ತಗ್ಗಿಸಿದ. ಅವನು ಅಷ್ಟು ತಗ್ಗಿ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. "ಹೆಸರು ಹೇಳು, ಒಳಗೆ ಬಾ. ಆಮೇಲೆ ಜನ್ಮಪೂರ್ತಿ ಹುಡುಕು, ಯಾರು ಬೇಡ ಅಂತಾರೆ? ಅವಳೇ ಹೇಳಿದ ಹೆಸರು ಅದು. ನೀನು ಕಲಿತು ಬಂದದ್ದಲ್ಲ. ನಿಯಮವೂ ಮುರಿಯಲ್ಲ."

ಮಾತು ಸರಿಯಾಗಿತ್ತು. ಎಲ್ಲಿ ಹಿಡಿದು ನೋಡಿದರೂ ಸರಿಯಾಗಿತ್ತು. ಹುಡುಗಿ ಅದನ್ನು ತೂಗಿ ನೋಡುತ್ತ ತನ್ನ ಕೈಯ ಕಡೆ ಕಣ್ಣು ಹಾಯಿಸಿದಳು. ಕೈ ಬೆನ್ನಿನ ಮೇಲೆ ಇರಲಿಲ್ಲ. ಅವಳಿಗೆ ತಿಳಿಯದಂತೆಯೇ ಜಾರಿ ಎಡ ಪಕ್ಕೆಯ ಮೇಲೆ ಹೋಗಿ ಕೂತಿತ್ತು.

ಅವಳು ಕೈಯನ್ನು ಎತ್ತಿ ಹಿರಿಯನಿಗೆ ತೋರಿಸಿದಳು.

"ನೋಡಿ ಅಯ್ಯಾ. ಒಂದು ಸಲ ಕೇಳಿದ್ದು ಅಷ್ಟೇ. ಆಗಲೇ ಅಲ್ಲಿಗೆ ಹೋಗ್ತಿದೆ. ಅಲ್ಲಿ ಏನೂ ಇಲ್ಲ ಅಂತ ಗೊತ್ತಿದ್ದೂ ಹೋಗ್ತಿದೆ. ನಾನೇ ಬಾಯಿ ಬಿಟ್ಟು ಹೇಳಿಬಿಟ್ರೆ ಮತ್ತೆ ಇದನ್ನ ಅಲ್ಲಿಂದ ಎತ್ತೋರು ಯಾರು?"

ಹಿರಿಯ ಆ ಕೈಯನ್ನು ನೋಡಿದ. ನಂತರ ತನ್ನ ಕೈಯನ್ನು ನೋಡಿಕೊಂಡ. ತನ್ನ ಜಾಗಕ್ಕೆ ಹಿಂತಿರುಗಿದ. ಕೋಲನ್ನು ಎತ್ತಿದ, ಎಂದಿಗಿಂತ ಸ್ವಲ್ಪ ಹೆಚ್ಚು ಹೊತ್ತು ಎತ್ತಿಯೇ ಹಿಡಿದಿದ್ದ.

ಹುಡುಗಿ ಹೆಂಗಸಿನ ತೋಳಿಗೆ ಕೈ ಕೊಟ್ಟಳು. "ಏಳಿ ಅಮ್ಮಾ."

"ಎಲ್ಲಿಗೇ?"

"ನಿಮ್ಮ ಕಲ್ಲಿನ ಹತ್ತಿರಕ್ಕೆ."

ಎರಡನೆಯ ಜಾಗಟೆ ಮೊಳಗಿದಾಗ ಅವರಿಬ್ಬರು ಪಡಸಾಲೆಯ ನಡುವೆ ಇದ್ದರು, ಹೊರಬಾಗಿಲಿಗೆ ಮುಖ ಮಾಡಿಕೊಂಡು. ಉಳಿದವರು ಒಳಬಾಗಿಲ ಕಡೆ ಹೊರಟರು. ಎದುರಾದ ಜವಳಿ ಅಂಗಡಿಯ ಹುಡುಗ ದಾರಿ ಬಿಟ್ಟು ನಿಂತ. ಆದರೆ ಹಿಂದಿನವರು ನೂಕಿದ್ದರಿಂದ ಅವನು ಮುಂದೆ ಹೋದ.

ಹೊರಗೆ ಮೆಟ್ಟಿಲ ಕೆಳಗೆ ಕಲಾಯಿಯವರ ಬೀದಿಗೆ ಬೀದಿಯೇ ನಿಂತಿತ್ತು. ಎಲ್ಲರ ಮುಂದೆ ಮಾವ, ಒಗೆದ ಅಂಗಿ ತೊಟ್ಟು. ಹುಡುಗಿ ಹೊರಗೆ ಬಂದದ್ದನ್ನು ಕಂಡು ಅವನಿಗೆ ಮೊದಲು ಅರ್ಥವಾಗಲಿಲ್ಲ.

"ಒಳಗೆ ಹೋಗೋ ಬಾಗಿಲು ಆ ಕಡೆ ಇದೆ ಕಣೆ," ಎಂದ.

"ಗೊತ್ತು ಮಾವ."

"ಜಾಗಟೆ ಆಯ್ತಲ್ಲೇ."

"ಕೇಳಿಸ್ತು ಮಾವ."

ಮಾವನ ಮುಖ ಕಪ್ಪಿಟ್ಟಿತು. ಬೀದಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವನು ಬೈಯುತ್ತಾನೆಂದು ಎಲ್ಲರೂ ಕಾದರು. ಬೈಯಲಿಲ್ಲ, ದಾರಿಯನ್ನೂ ಬಿಡಲಿಲ್ಲ. ಬೀಸುವ ಹೆಂಗಸು ಮೆಟ್ಟಿಲು ಇಳಿಯಲಾಗದೆ ಗೋಡೆ ಹಿಡಿದು ನಿಂತಳು. ಅದನ್ನು ನೋಡಿದ ಮೇಲೆ ಮಾವ ಪಕ್ಕಕ್ಕೆ ಸರಿದ.

ಬೀಸುವ ಮನೆ ತಗ್ಗು ಸೂರಿನದು. ನಡುವೆ ನೆಲಕ್ಕೆ ಹೂತ ಕಲ್ಲು, ಅದರ ಮೇಲೆ ತಿರುಗುವ ಕಲ್ಲು, ತಿರುಗುವ ಕಲ್ಲಿನ ಅಂಚಿಗೆ ಮರದ ಗೂಟ. ಹೆಂಗಸು ಒಂದು ಕಾಲು ಮಡಿಸಿ, ಒಂದು ಕಾಲು ಚಾಚಿ ಕೂತಳು. ಬುಟ್ಟಿಯಿಂದ ಒಂದು ಹಿಡಿ ರಾಗಿ ತೆಗೆದು ಕಲ್ಲಿನ ಬಾಯಿಗೆ ಸುರಿದಳು. ಹುಡುಗಿ ಎದುರಿಗೆ ಕೂತು ಅದೇ ಗೂಟವನ್ನು ಹೆಂಗಸಿನ ಕೈಯ ಕೆಳಗೆ ಹಿಡಿದಳು.

"ನಿಂಗೆ ಬೀಸೋಕೆ ಬರತ್ತೇನೇ?"

"ಇಲ್ಲ ಅಮ್ಮಾ."

"ಹಾಗಾದ್ರೆ ಎಳೀಬೇಡ. ಸುಮ್ನೆ ಕೈ ಇಟ್ಕೊಂಡಿರು."

ಕಲ್ಲು ತಿರುಗಿತು. ಹಿಟ್ಟು ಸುತ್ತಲೂ ಮೆಲ್ಲಗೆ ಉದುರಿತು. ಹೆಂಗಸಿನ ತೋಳಿನ ಬಲ ಗೂಟಕ್ಕೆ ಬಂದು, ಗೂಟದಿಂದ ಹುಡುಗಿಯ ಕೈಗೆ ಬರುತ್ತಿತ್ತು. ಸುತ್ತಿನ ಒಂದು ಜಾಗದಲ್ಲಿ, ಗೂಟ ಹೆಂಗಸಿನಿಂದ ದೂರವಾಗಿ ಗೋಡೆಯ ಕಡೆ ತಿರುಗುವಲ್ಲಿ, ಆ ಬಲ ಕೂದಲೆಳೆಯಷ್ಟು ಕಡಿಮೆಯಾಯಿತು. ಮತ್ತೊಂದು ಸುತ್ತು. ಅದೇ ಜಾಗದಲ್ಲಿ ಮತ್ತೆ ಕಡಿಮೆಯಾಯಿತು. ಹೆಂಗಸಿನ ಮುಖದಲ್ಲಿ ಏನೂ ಕಾಣಲಿಲ್ಲ. ನೋವು ಹೊರಟದ್ದು ಅವಳಿಗೇ ಇನ್ನೂ ಗೊತ್ತಾಗಿರಲಿಲ್ಲ. ಮತ್ತೊಂದು ಸುತ್ತು. ಅಲ್ಲೇ. ಹುಡುಗಿ ಬೆರಳುಗಳನ್ನು ಸಡಿಲಿಸಿ ಆ ಜಾಗ ಮತ್ತೆ ಬರುವುದನ್ನು ಕಾದಳು.

ಆಗ ಊರಿನ ಆ ಕಡೆಯಿಂದ ಒಂದು ದೊಡ್ಡ ಸದ್ದು ಬಂತು. ಮರಕ್ಕೆ ಮರ ಕೂಡಿದ ಸದ್ದು, ಅದರ ಹಿಂದೆ ಅಗುಳಿ ಬಿದ್ದ ಸದ್ದು.

ಹೆಂಗಸಿನ ಕೈ ನಿಂತಿತು. "ಹಾಕಿಬಿಟ್ರು ಕಣೇ ಬಾಗಿಲು," ಎಂದಳು. ಅವಳ ಕಣ್ಣು ತುಂಬಿತ್ತು.

ಹುಡುಗಿ ಬಲಗೈಯನ್ನು ಗೂಟದಿಂದ ತೆಗೆಯಲಿಲ್ಲ. ಎಡಗೈಯನ್ನು ಬುಟ್ಟಿಗೆ ಚಾಚಿ ಒಂದು ಹಿಡಿ ರಾಗಿ ತೆಗೆದು ಕಲ್ಲಿನ ಬಾಯಿಗೆ ಹಾಕಿದಳು.

"ಇನ್ನೊಂದು ಸುತ್ತು ಅಮ್ಮಾ," ಎಂದಳು. "ನಿಧಾನಕ್ಕೆ."